ಕಣ ಭೌತಶಾಸ್ತ್ರದ ಉದ್ದುದ್ದ ಲೆಕ್ಕಗಳನ್ನು ಮುಕ್ತ ತಂತ್ರಾಂಶದಿಂದ ಮಾಡಿಸಬಹುದೇ?

ಖಂಡಿತ ಮಾಡಿಸಬಹುದು. ನಾನು ಮೊದಲು ಹೇಳುವ ಹೆಸರು ಫಾರ್ಮ್ (FORM), ಉದ್ದುದ್ದ ಬೀಜಗಣಿತದ ಲೆಕ್ಕ ಮಾಡುವ ತಂತ್ರಾಂಶ. ನೆದರ್ಲೆಂಡ್ಸ್‌ನ ಕಣ ಭೌತಶಾಸ್ತ್ರ ಸಂಸ್ಥೆ ನಿಖೆಫ್‌ನ ಯೋಸ್ ವರ್ಮಾಸೆರೆನ್ ಬರೆದದ್ದು. 2010ರಿಂದ ಅದರ ಮೂಲ ಕೋಡ್ ಎಲ್ಲರಿಗೂ ಮುಕ್ತ.

ಕೈಯಲ್ಲೇ ಯಾಕೆ ಆಗಲ್ಲ ಅಂತೀರಾ? ಎಲೆಕ್ಟ್ರಾನ್, ಅದರ ಪ್ರತಿಕಣ ಪಾಸಿಟ್ರಾನ್ ಡಿಕ್ಕಿ ಹೊಡೆದು ಮ್ಯೂಆನ್ (ಎಲೆಕ್ಟ್ರಾನಿನಂಥದ್ದೇ, ಆದರೆ ಹೆಚ್ಚು ಭಾರದ ಕಣ) ಜೋಡಿ ಹುಟ್ಟುವ ಲೆಕ್ಕ ತಗೊಳ್ಳಿ. ಅದರಲ್ಲಿ ಗಾಮಾ ಮ್ಯಾಟ್ರಿಕ್ಸ್‌ಗಳು (ಇಂಥ ಕಣಗಳ ಲೆಕ್ಕಕ್ಕೆ ಬಳಸುವ 4×4 ಅಂಕಿ ಕೋಷ್ಟಕಗಳು) ಬರುತ್ತವೆ; ಅವನ್ನು ಗುಣಿಸಿ ಟ್ರೇಸ್, ಅಂದರೆ ಕರ್ಣದ ಮೇಲಿನ ಅಂಕಿಗಳ ಮೊತ್ತ, ತೆಗೆಯಬೇಕು. ನಾಲ್ಕು ಗಾಮಾ ಇದ್ದರೆ 3 ಪದಗಳು, ಕೈಯಲ್ಲೇ ಮುಗಿಯುತ್ತದೆ. ಬೇರೆ ಲೆಕ್ಕಗಳಲ್ಲಿ ಆರು ಬಂದರೆ 15, ಎಂಟಾದರೆ 105, ಹತ್ತಾದರೆ 945. ಒಂದು ಮೈನಸ್ ತಪ್ಪಿದರೂ ಎಲ್ಲ ಹಾಳು, ಅಲ್ವಾ? ಫಾರ್ಮ್‌ಗೆ 'ಟ್ರೇಸ್4' ಅನ್ನುವ ಒಂದು ಸಾಲು ಸಾಕು.

ನನಗೆ ತುಂಬ ಇಷ್ಟವಾಗುವುದು ಅದು ಕೆಲಸ ಮಾಡುವ ರೀತಿ. ಇಡೀ ಸಮೀಕರಣವನ್ನು ಒಟ್ಟಿಗೆ ಮೆಮೊರಿಗೆ ತುಂಬುವುದಿಲ್ಲ. ಒಂದೊಂದೇ ಪದ ಎತ್ತಿಕೊಂಡು, ನೀವು ಕೊಟ್ಟ ನಿಯಮ ಹಚ್ಚುತ್ತದೆ. ಜಾಗ ಸಾಲದಿದ್ದರೆ ಡಿಸ್ಕ್‌ಗೆ ಹಾಕುತ್ತದೆ. 'ಸಾರ್ಟ್' ಬಂದಾಗ ಒಂದೇ ಥರದ ಪದಗಳನ್ನು ಕೂಡಿಸುತ್ತದೆ, ರದ್ದಾಗುವವು ಅಲ್ಲೇ ಹೋಗುತ್ತವೆ. ಅದಕ್ಕೇ ಮೆಮೊರಿಗಿಂತ ಎಷ್ಟೋ ದೊಡ್ಡ ಲೆಕ್ಕವೂ ಓಡುತ್ತದೆ. ಎಲೆಕ್ಟ್ರಾನಿನ ಕಾಂತ ಗುಣದ ಲೆಕ್ಕದಲ್ಲಿ ಐದು ಲೂಪ್ (ಚಿತ್ರದಲ್ಲಿನ ಮುಚ್ಚಿದ ಸುತ್ತು) ಮಟ್ಟದಲ್ಲೇ 12,672 ಫೈನ್‌ಮನ್ ಚಿತ್ರಗಳು, ಅಂದರೆ ಕಣಗಳ ಕ್ರಿಯೆಯನ್ನು ಗೆರೆಗಳಲ್ಲಿ ತೋರಿಸುವ ಚಿತ್ರಗಳು, ಬರುತ್ತವೆ. ಅವನ್ನು ಕೈಯಲ್ಲಿ ಬಿಡಿಸುವ ಮಾತೇ ಇಲ್ಲ.

ಒಂದು ವಿಷಯ ಗಮನಿಸಿ: ಇಂಥ ಚಿತ್ರಗಳನ್ನು ಹುಟ್ಟಿಸುವುದು ಫಾರ್ಮ್‌ನ ಮುಖ್ಯ ಕೆಲಸವಲ್ಲ. ಅದಕ್ಕೆ ಸಾಮಾನ್ಯವಾಗಿ ಕ್ಯೂಗ್ರಾಫ್ (QGRAF) ಅನ್ನುವ ಇನ್ನೊಂದು ತಂತ್ರಾಂಶ ಬಳಸುತ್ತಾರೆ. ಲೂಪ್‌ಗಳಿಂದ ಬರುವ ಇಂಟಿಗ್ರಲ್‌ಗಳನ್ನು ಬಿಡಿಸಲೂ ಹೆಚ್ಚಾಗಿ ಬೇರೆ ಸಲಕರಣೆ ಬೇಕಾಗುತ್ತದೆ.

ಹೊಸಬರಾದರೆ ಮೇಲಿನ ಮ್ಯೂಆನ್ ಲೆಕ್ಕವನ್ನೇ ಮೊದಲು ಕೈಯಲ್ಲಿ ಮಾಡಿ. ಆಮೇಲೆ ಫಾರ್ಮ್‌ನಲ್ಲಿ ಮಾಡಿ, ಎರಡನ್ನೂ ತಾಳೆ ನೋಡಿ.