ಈ ಫೋಟೊ ನಿಮ್ಮದೇ ಅಂತ ಗೊತ್ತಾಗಬೇಕು: ಮದುವೆ ಫೋಟೊಗ್ರಾಫರ್‌ಗಳ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಆರು ವರ್ಷದಿಂದ ಮದುವೆ ಫೋಟೊ ತೆಗೆಯುತ್ತಿದ್ದೇನೆ. ಕೆಲಸಕ್ಕೆ ಕೊರತೆ ಇಲ್ಲ. ಆದರೆ ನನ್ನ ಫೋಟೊಗಳನ್ನು ಬೇರೆಯವರ ಫೋಟೊಗಳ ಜೊತೆ ಕಲಸಿ ಇಟ್ಟರೆ ಯಾವುದು ನನ್ನದು ಅಂತ ನನಗೇ ಗೊತ್ತಾಗುವುದಿಲ್ಲ. ಬಂದವರೆಲ್ಲ ಮೊದಲು ರೇಟ್ ಕೇಳುತ್ತಾರೆ, ಕಡಿಮೆ ಹೇಳಿದವರ ಹತ್ತಿರ ಹೋಗುತ್ತಾರೆ. ದುಡ್ಡು ಕೊಟ್ಟು ಮೂರು ಪ್ರಿಸೆಟ್ ಪ್ಯಾಕ್ (ಬೇರೆಯವರು ಮಾಡಿಟ್ಟ ರೆಡಿ ಎಡಿಟಿಂಗ್ ಸೆಟ್ಟಿಂಗ್) ತಗೊಂಡೆ. ಏನೂ ಬದಲಾಗಲಿಲ್ಲ. ನನ್ನದೇ ಶೈಲಿ ಹುಡುಕಿಕೊಳ್ಳುವುದು ಹೇಗೆ?

ಉತ್ತರ: ಬಂದವರು ರೇಟ್ ಕೇಳುತ್ತಾರೆ ಅಂತ ಬರೆದಿದ್ದೀರಲ್ಲ, ಅಲ್ಲಿಂದಲೇ ಶುರು ಮಾಡೋಣ. ನಾಲ್ಕು ಜನರ ಹತ್ತಿರ ಒಂದೇ ಥರದ ಫೋಟೊ ಕಂಡರೆ, ರೇಟ್ ಬಿಟ್ಟು ಅವರು ಇನ್ನೇನು ಕೇಳಬೇಕು? ಅವರದು ತಪ್ಪಲ್ಲ. ಹೋಲಿಸಿ ನೋಡಲು ಅವರ ಕೈಯಲ್ಲಿ ಇರುವುದು ಅದೊಂದೇ.

ಪ್ರಿಸೆಟ್ ಯಾಕೆ ಕೈಕೊಟ್ಟಿತು ಅಂತ ಹೇಳುತ್ತೇನೆ. ಪ್ರಿಸೆಟ್ ಬಣ್ಣವನ್ನು, ನೆರಳನ್ನು ಬದಲಾಯಿಸುತ್ತದೆ, ಅಷ್ಟೇ. ಅದನ್ನು ಮಾಡಿದವರು ತಮ್ಮ ಬೆಳಕಿಗೆ ತಕ್ಕಂತೆ ಮಾಡಿರುತ್ತಾರೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಹಳದಿ. ಹಗಲು ಬೆಳಕು ಸುಮಾರು 5500 ಕೆಲ್ವಿನ್, ಹಳದಿ ಟಂಗ್‌ಸ್ಟನ್ ಬಲ್ಬ್ ಸುಮಾರು 3200. ಒಂದೇ ಹಾಲ್‌ನಲ್ಲಿ ಕಿಟಕಿಯಿಂದ ಹಗಲು ಬೆಳಕು, ಮೇಲಿಂದ ಹಳದಿ ಬಲ್ಬ್, ಸ್ಟೇಜ್ ಹಿಂದೆ ನೇರಳೆ ಎಲ್‌ಇಡಿ. ಮೂರೂ ಒಂದೇ ಮುಖದ ಮೇಲೆ ಬಿದ್ದಾಗ, ಕಡಲ ತೀರದ ಸಂಜೆ ಬೆಳಕಿಗೆ ಮಾಡಿದ ಪ್ರಿಸೆಟ್ ಏನು ಮಾಡುತ್ತದೆ? ಚರ್ಮದ ಬಣ್ಣ ಕೆಡಿಸುತ್ತದೆ.

ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ಶೈಲಿ ಇರುವುದು ಬಣ್ಣದಲ್ಲಿ ಅಲ್ಲ. ನೀವು ಎಲ್ಲಿ ನಿಲ್ಲುತ್ತೀರಿ, ಯಾವ ಕ್ಷಣಕ್ಕೆ ಕಾಯುತ್ತೀರಿ, ಫ್ರೇಮಿನಿಂದ ಏನನ್ನು ಹೊರಗಿಡುತ್ತೀರಿ, ಇದರಲ್ಲಿ ಇದೆ. ಆರು ವರ್ಷ ಕೆಲಸ ಮಾಡಿದ್ದೀರಿ ಅಂದರೆ ಅದು ಈಗಾಗಲೇ ನಿಮ್ಮ ಹಾರ್ಡ್ ಡಿಸ್ಕಿನಲ್ಲಿ ಕೂತಿದೆ. ಹುಡುಕಿ ತೆಗೆಯಬೇಕು.

ಹೀಗೆ ಮಾಡಿ. ಕಳೆದ ಹತ್ತು ಮದುವೆಗಳನ್ನು ತೆರೆಯಿರಿ. ಮನೆಯವರು ಮೆಚ್ಚಿದ್ದು, ಜಾಸ್ತಿ ಲೈಕ್ ಬಿದ್ದಿದ್ದು ಬೇಡ. ಯಾರೂ ಕೇಳದಿದ್ದರೂ ನೀವೇ ಮತ್ತೆ ಮತ್ತೆ ನೋಡುವ 60 ಫೋಟೊ ಆರಿಸಿ. ಆಲ್ಬಂಗೆ ಹೋಗದೆ ಉಳಿದವೂ ಇರಲಿ. ಚಿಕ್ಕ ಸೈಜಿನಲ್ಲಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಸ್ಕ್ರೀನ್ ಮೇಲೆ ಒಂದೊಂದೇ ನೋಡಿದರೆ ಇದು ಕಾಣುವುದಿಲ್ಲ, ಪ್ರಿಂಟೇ ಆಗಬೇಕು. ಎರಡು ದಿನ ಹಾಗೇ ಬಿಟ್ಟು, ಆಮೇಲೆ 30 ತೆಗೆದುಹಾಕಿ. ಉಳಿದ 30ರ ಮುಂದೆ ಕೂತು ಕೇಳಿಕೊಳ್ಳಿ. ನಾನು ಎಷ್ಟು ಹತ್ತಿರ ನಿಂತಿದ್ದೆ? ಬೆಳಕು ಯಾವ ಕಡೆಯಿಂದ ಬಂದಿದೆ? ಜನ ಕ್ಯಾಮೆರಾ ನೋಡುತ್ತಿದ್ದಾರಾ? ಒಬ್ಬರಿದ್ದಾರಾ, ಗುಂಪಿದೆಯಾ? ಲೈಟ್‌ರೂಮ್ ಅನ್ನುವ ಎಡಿಟಿಂಗ್ ಸಾಫ್ಟ್‌ವೇರ್ ಬಳಸುವವರಾದರೆ ಅದರ ಮೆಟಾಡೇಟಾ (ಫೋಟೊ ಜೊತೆ ಉಳಿಯುವ ಕ್ಯಾಮೆರಾ ಮಾಹಿತಿ) ಫಿಲ್ಟರ್‌ನಲ್ಲಿ ಯಾವ ಲೆನ್ಸಿನಿಂದ ತೆಗೆದ ಫೋಟೊ ಎಷ್ಟಿದೆ ಅಂತಲೂ ನೋಡಿ.

ನಾನು ಇದನ್ನು ಮಾಡಿದಾಗ ನಿಜವಾಗಿ ದಂಗಾದೆ. ಜನರಿಗೆ ತೋರಿಸುತ್ತಿದ್ದದ್ದೆಲ್ಲ ದೂರದಿಂದಲೇ ಮುಖವನ್ನು ಹತ್ತಿರ ತರುವ 85 ಎಂಎಂ ಲೆನ್ಸಿನ, ಹಿಂದೆ ಮಸುಕಾದ, ಮದುಮಗಳ ಒಂಟಿ ಚಿತ್ರಗಳು. ನೆಲದ ಮೇಲೆ ಉಳಿದ 30ರಲ್ಲಿ ಹೆಚ್ಚಿನವು ಸುತ್ತಲಿನದೂ ಕಾಣುವ ಅಗಲದ 35 ಎಂಎಂನಲ್ಲಿ, ಎರಡು ಹೆಜ್ಜೆ ದೂರದಿಂದ ತೆಗೆದವು. ಪ್ರತಿಯೊಂದರಲ್ಲೂ ಇಬ್ಬರೋ ಮೂವರೋ ಇದ್ದರು. ಒಬ್ಬರು ಸಾಮಾನ್ಯವಾಗಿ ವಯಸ್ಸಾದವರು. ಮಗಳ ಬಟ್ಟೆ ಸರಿಮಾಡುತ್ತಿರುವ ಅಮ್ಮ, ಬಾಗಿಲ ಹತ್ತಿರ ಸುಮ್ನೆ ನಿಂತ ಅಪ್ಪ. ನನ್ನ ಕಣ್ಣು ಹೋಗುತ್ತಿದ್ದದ್ದು ಸಂಬಂಧಗಳ ಕಡೆಗೆ. ನಾನು ಮಾರುತ್ತಿದ್ದದ್ದು ಬೇರೇನೋ.

ಕಣ್ಣಿಗೆ ಅಭ್ಯಾಸ ಬೇಕು ಅನಿಸಿದರೆ ಒಂದು ತಿಂಗಳು ಒಂದೇ ಲೆನ್ಸ್ ಹಾಕಿಕೊಂಡು ಓಡಾಡಿ. ಫ್ರಾನ್ಸಿನ ಹೆಸರಾಂತ ಫೋಟೊಗ್ರಾಫರ್ ಆನ್ರಿ ಕಾರ್ತಿಯೆ ಬ್ರೆಸೋನ್ ತಮ್ಮ ಲೈಕಾ ಕ್ಯಾಮೆರಾದಲ್ಲಿ ಹೆಚ್ಚಾಗಿ ಬಳಸಿದ್ದು 50 ಎಂಎಂ ಒಂದನ್ನೇ. ಒಂದೇ ಲೆನ್ಸ್ ಇದ್ದರೆ ಕ್ಯಾಮೆರಾ ಎತ್ತುವ ಮೊದಲೇ ಫ್ರೇಮ್ ಕಾಣತೊಡಗುತ್ತದೆ. ಆದರೆ ಈ ಅಭ್ಯಾಸ ಮದುವೆಯಿಂದ ಹೊರಗೆ ಮಾಡಿ. ಮದುವೆಯಲ್ಲಿ ಎರಡನೇ ಕ್ಯಾಮೆರಾ ಬಾಡಿ, ಬೇರೆ ಲೆನ್ಸ್ ಹೆಗಲ ಮೇಲೆ ಇರಲೇಬೇಕು. ಆ ದಿನ ಮತ್ತೆ ಬರುವುದಿಲ್ಲ, ಅಲ್ವಾ?

ಈಗ ವ್ಯಾಪಾರದ ಮಾತು. ಶೈಲಿ ಸಿಕ್ಕ ಮೇಲೆ ಮೊದಲು ಮಾಡುವ ಕೆಲಸ ಅಳಿಸುವುದು. ನಿಮ್ಮ ಪೇಜಿನಲ್ಲಿ ಮತ್ತೆ ತೆಗೆಯಲು ಇಷ್ಟವಿಲ್ಲದ ಥರದ ಫೋಟೊ ಒಂದೂ ಇರಬಾರದು. ಚೆನ್ನಾಗಿದ್ದರೂ ಸರಿ, ತೆಗೆಯಿರಿ. ನೀವು ಏನು ತೋರಿಸುತ್ತೀರೋ ಅದನ್ನೇ ಜನ ಕೇಳಿಕೊಂಡು ಬರುತ್ತಾರೆ. ಆಮೇಲೆ, ಬಿಡಿ ಬಿಡಿ ಒಳ್ಳೆ ಫೋಟೊಗಳ ಜೊತೆಗೆ ಎರಡು ಪೂರ್ತಿ ಮದುವೆಗಳನ್ನು ಮೊದಲಿಂದ ಕೊನೆವರೆಗೆ ತೋರಿಸಿ. ಹತ್ತು ಮದುವೆಯಿಂದ ಹತ್ತು ಒಳ್ಳೆ ಫೋಟೊ ಯಾರಾದರೂ ತೆಗೆದಾರು. ಕತ್ತಲ ಮೂಲೆಯಲ್ಲಿ, ಗಡಿಬಿಡಿಯ ಹೊತ್ತಿನಲ್ಲಿ ನೀವು ಏನು ಮಾಡಿದಿರಿ ಅಂತ ನೋಡಿದವರು ನಂಬಿ ಬರುತ್ತಾರೆ.

ಒಂದು ಸೀಸನ್ ಬುಕಿಂಗ್ ಕಡಿಮೆ ಆಗಬಹುದು. ಇದನ್ನು ಮುಚ್ಚಿಡುವುದು ಸರಿಯಲ್ಲ. ಆ ಹೊತ್ತಿನಲ್ಲಿ ಬೇರೆಯವರ ಜೊತೆ ಸೆಕೆಂಡ್ ಶೂಟರ್ (ಮುಖ್ಯ ಫೋಟೊಗ್ರಾಫರ್ ಜೊತೆಗಿನ ಎರಡನೇ ಫೋಟೊಗ್ರಾಫರ್) ಆಗಿ ಹೋಗಿ, ಹಳೇ ಥರದ ಕೆಲಸವನ್ನೂ ಮಾಡಿ. ಮನೆ ನಡೆಯಬೇಕು. ಆದರೆ ಆ ಫೋಟೊಗಳನ್ನು ನಿಮ್ಮ ಪೇಜಿಗೆ ಹಾಕಬೇಡಿ.

ಪ್ರಶ್ನೆ: ನನಗೆ ಪೋಸ್ ಕೊಡಿಸುವುದು ಇಷ್ಟವಿಲ್ಲ. ನಡೆದದ್ದನ್ನು ನಡೆದ ಹಾಗೆ ಹಿಡಿಯುತ್ತೇನೆ. ಆದರೆ ಮನೆಯವರಿಗೆ ಗ್ರೂಪ್ ಫೋಟೊ ಬೇಕು, ಎಲ್ಲರ ಮುಖಕ್ಕೂ ಲೈಟ್ ಬೇಕು. ಮದುವೆ ಹುಡುಗಿ ಇನ್‌ಸ್ಟಾಗ್ರಾಂನಿಂದ ಬೇರೆ ಯಾರದೋ 20 ಫೋಟೊ ಕಳಿಸಿ ಹೀಗೇ ಬೇಕು ಅನ್ನುತ್ತಾರೆ. ನನ್ನ ಶೈಲಿ ಬಿಡಬೇಕಾ?

ಉತ್ತರ: ಬಿಡಬೇಡಿ. ಗ್ರೂಪ್ ಫೋಟೊವನ್ನೂ ಬಿಡಬೇಡಿ.

ನಿಮ್ಮ ಶೈಲಿಗೆ ದೊಡ್ಡ ಚರಿತ್ರೆ ಇದೆ. 1996ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಅವರ ಮದುವೆ ಒಂದು ದ್ವೀಪದ ಪುಟ್ಟ ಚರ್ಚಿನಲ್ಲಿ ನಡೆಯಿತು. ಹೊರಗೆ ಬರುವಾಗ ಅವರು ಹೆಂಡತಿಯ ಕೈಗೆ ಮುತ್ತಿಟ್ಟರು. ಡೆನಿಸ್ ರೆಜಿ ತೆಗೆದ ಆ ಒಂದು ಚಿತ್ರ ಜಗತ್ತೆಲ್ಲ ಸುತ್ತಿತು. ಪತ್ರಿಕೆಯವರು ಸುದ್ದಿ ಹಿಡಿಯುವ ಹಾಗೆ ಮದುವೆಯನ್ನು ಹಿಡಿಯುವ ದಾರಿಗೆ ರೆಜಿ ಹೆಸರಾದವರು. ಅದೇ ದಾರಿಯಲ್ಲಿ ನಿಂತು ನಾನು ಹೇಳುತ್ತಿದ್ದೇನೆ: ಹತ್ತು ವರ್ಷ ಬಿಟ್ಟು ಮನೆಯವರು ಮೊದಲು ಹುಡುಕುವುದು ಗ್ರೂಪ್ ಫೋಟೊವನ್ನೇ. ಅಷ್ಟರಲ್ಲಿ ಅದರಲ್ಲಿರುವ ಯಾರೋ ಒಬ್ಬರು ಇರುವುದಿಲ್ಲ. ಅದನ್ನು ಕೀಳಾಗಿ ನೋಡಬೇಡಿ.

ಕೆಲಸ ಹಗುರ ಮಾಡಿಕೊಳ್ಳುವುದು ಹೇಗೆ ಅಂದರೆ, ಮದುವೆಗೆ ಎರಡು ವಾರ ಮೊದಲೇ ಗ್ರೂಪ್‌ಗಳ ಪಟ್ಟಿ ತರಿಸಿಕೊಳ್ಳಿ. 12 ಗ್ರೂಪ್ ಇದ್ದರೆ ಒಂದಕ್ಕೆ ಎರಡೂವರೆ ನಿಮಿಷದಂತೆ ಅರ್ಧ ಗಂಟೆ. ಹುಡುಗಿ ಕಡೆಯಿಂದ ಒಬ್ಬರು, ಹುಡುಗನ ಕಡೆಯಿಂದ ಒಬ್ಬರು, ಎಲ್ಲರ ಗುರುತು ಇರುವವರು, ಜನರನ್ನು ಕರೆಯಲು ನಿಲ್ಲಲಿ. ಜಾಗ ನೀವು ಆರಿಸಿ: ತಂಪಾದ ನೆರಳು ಅಥವಾ ದೊಡ್ಡ ಕಿಟಕಿ. ಎರಡು ಸಾಲು ನಿಂತಾಗ ಲೆನ್ಸಿನ ಕಿಂಡಿ ದೊಡ್ಡದಾಗಿ ತೆರೆದು ಎಫ್ 1.8ರಲ್ಲಿ ತೆಗೆದರೆ ಹಿಂದಿನ ಸಾಲು ಮಸುಕಾಗುತ್ತದೆ, ಕಿಂಡಿ ಕಿರಿದು ಮಾಡಿ ಎಫ್ 5.6 ಇಡಿ. ಮುಖಕ್ಕೆ ಲೈಟ್ ಬೇಕು ಅಂದರೆ ಫ್ಲ್ಯಾಶನ್ನು ನೇರ ಹೊಡೆಯುವ ಬದಲು ಬಿಳಿ ಗೋಡೆಗೋ ಸೀಲಿಂಗ್‌ಗೋ ತಿರುಗಿಸಿ ಬೌನ್ಸ್ ಮಾಡಿ. ಬಣ್ಣದ ಗೋಡೆಗೆ ಬೇಡ, ಆ ಬಣ್ಣ ಮುಖಕ್ಕೆ ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಫೋಟೊ ಆಯ್ತು ಅಂತ ಹೇಳಿದ ಮೇಲೂ ಕ್ಯಾಮೆರಾ ಇಳಿಸಬೇಡಿ. ಸಾಲು ಚದುರುವ ಆ ಹದಿನೈದು ಸೆಕೆಂಡಿನಲ್ಲಿ ಜನ ಉಸಿರು ಬಿಟ್ಟು ನಗುತ್ತಾರೆ, ಒಬ್ಬರನ್ನೊಬ್ಬರು ತಟ್ಟುತ್ತಾರೆ. ಅದು ನಿಮ್ಮ ಫೋಟೊ.

ಆ 20 ಫೋಟೊಗಳ ವಿಷಯಕ್ಕೆ ಬಂದರೆ, ಕಳಿಸಿದವರ ಮೇಲೆ ಸಿಟ್ಟಾಗಬೇಡಿ. ಅವರಿಗೆ ಬೇಕಾದದ್ದನ್ನು ಹೇಳಲು ಅವರ ಹತ್ತಿರ ಬೇರೆ ಮಾತಿಲ್ಲ. "ಇದರಲ್ಲಿ ನಿಮಗೆ ಏನು ಇಷ್ಟ ಆಯ್ತು?" ಅಂತ ಒಂದೊಂದಕ್ಕೂ ಕೇಳಿ. ಬೆಟ್ಟ, ಹೊಗೆ, ಹಾರುವ ಬಟ್ಟೆ ಅಲ್ಲ, "ಇವರಿಬ್ಬರೂ ಎಷ್ಟು ಆರಾಮಾಗಿದ್ದಾರೆ ನೋಡಿ" ಅನ್ನುತ್ತಾರೆ ಹಲವರು. ಅದನ್ನು ನೀವು ನಿಮ್ಮ ರೀತಿಯಲ್ಲೇ ಕೊಡಬಹುದು. ಬೆಟ್ಟ ಹೊಗೆಯೇ ಬೇಕು ಅನ್ನುವವರಿಗೆ ಅದನ್ನು ಚೆನ್ನಾಗಿ ಮಾಡುವವರ ನಂಬರ್ ಕೊಡಿ. ಇದು ಬುಕಿಂಗ್‌ಗೆ ಮುಂಚೆ ಆಗಬೇಕಾದ ಮಾತು. ಅಡ್ವಾನ್ಸ್ ತಗೊಂಡ ಮೇಲೆ ನನ್ನ ಶೈಲಿ ಹೀಗಲ್ಲ ಅಂದರೆ ಅದು ಮೋಸ.

ಒಪ್ಪಂದದ ಕಾಗದದಲ್ಲೂ ಸರಳವಾಗಿ ಬರೆಯಿರಿ: ಎಷ್ಟು ಗಂಟೆ, ಸುಮಾರು ಎಷ್ಟು ಫೋಟೊ, ಎಷ್ಟು ವಾರದಲ್ಲಿ, ಎಡಿಟ್ ಯಾವ ಥರ, ರಾ ಫೈಲ್ (ಎಡಿಟ್ ಮಾಡದ ಮೂಲ ಫೈಲ್) ಕೊಡುತ್ತೀರೋ ಇಲ್ಲವೋ. ಅವರ ಫೋಟೊಗಳನ್ನು ಎಲ್ಲರಿಗೂ ಕಾಣುವಂತೆ ಹಾಕಲು ಒಪ್ಪಿಗೆ ಇದೆಯಾ ಅಂತಲೂ ಕೇಳಿ ಬರೆಸಿಕೊಳ್ಳಿ.

ಪ್ರಶ್ನೆ: ನನ್ನ ಕೆಲಸ ಗುರುತು ಹಿಡಿದು ಬರುವವರು ಈಗ ಇದ್ದಾರೆ. ರೇಟ್ ಜಾಸ್ತಿ ಮಾಡಬಹುದಾ? ಎಷ್ಟು ಹೇಳಬೇಕು ಅಂತ ಯಾವಾಗಲೂ ಪಕ್ಕದವರನ್ನು ನೋಡಿ ಹೇಳುತ್ತೇನೆ.

ಉತ್ತರ: ಪಕ್ಕದವರನ್ನು ನೋಡುವುದನ್ನು ನಿಲ್ಲಿಸಿ, ಗಂಟೆ ಲೆಕ್ಕ ಹಾಕಿ. ಒಂದು ದಿನದ ಮದುವೆ ಅಂದುಕೊಳ್ಳಿ. ಶೂಟಿಂಗ್ 10 ಗಂಟೆ. ಭೇಟಿ, ಫೋನ್ ಎಲ್ಲ ಸೇರಿ 3. ಮೂರು ಸಾವಿರ ಫ್ರೇಮ್‌ನಲ್ಲಿ ಒಳ್ಳೆಯದನ್ನು ಆರಿಸಲು 4. 600 ಫೋಟೊ, ಒಂದಕ್ಕೆ ಒಂದೂವರೆ ನಿಮಿಷದಂತೆ ಎಡಿಟಿಂಗ್ 15. ಆಲ್ಬಂ 5. ಒಟ್ಟು 37 ಗಂಟೆ. ಒಂದು ದಿನದ ಕೆಲಸ ಅಂತ ಜನ ಅಂದುಕೊಂಡದ್ದು ಹೆಚ್ಚುಕಮ್ಮಿ ಒಂದು ವಾರದ ದುಡಿಮೆ. ಮೊದಲು ನೀವು ಅದನ್ನು ನಂಬಬೇಕು.

ಈಗ ವರ್ಷಕ್ಕೆ ಎಷ್ಟು ಮದುವೆಯನ್ನು ಮನಸ್ಸಿಟ್ಟು ಮಾಡಬಲ್ಲಿರಿ ಅಂತ ಯೋಚಿಸಿ. ಮನೆ ಖರ್ಚು, ಕ್ಯಾಮೆರಾ ಸವಕಳಿ, ರಿಪೇರಿ, ವಿಮೆ, ಓಡಾಟ, ಸಹಾಯಕರ ಸಂಬಳ, ತೆರಿಗೆ, ಕೆಲಸವಿಲ್ಲದ ತಿಂಗಳಿಗೆ ಎತ್ತಿಡುವ ದುಡ್ಡು ಎಲ್ಲ ಕೂಡಿಸಿ, ಆ ಸಂಖ್ಯೆಯಿಂದ ಭಾಗಿಸಿ. ಬಂದದ್ದು ನಿಮ್ಮ ಕನಿಷ್ಠ ರೇಟ್. ಅದಕ್ಕಿಂತ ಕೆಳಗೆ ಹೋದರೆ ನಿಮ್ಮ ಜೇಬಿನಿಂದ ಹಾಕುತ್ತಿದ್ದೀರಿ ಅಂತ ಅರ್ಥ. ನಿಮ್ಮ ಕೆಲಸವನ್ನೇ ಹುಡುಕಿಕೊಂಡು ಬರುವವರು ಇರುವಾಗ ಅದರ ಮೇಲೆ ಏರಿಸಬಹುದು. ಒಮ್ಮೆಲೇ ಅಲ್ಲ, ಮುಂದಿನ ನಾಲ್ಕೈದು ಬುಕಿಂಗ್‌ಗೆ ಸ್ವಲ್ಪ, ಆಮೇಲೆ ಇನ್ನು ಸ್ವಲ್ಪ.

ಪ್ರಶ್ನೆ: ಒಬ್ಬನೇ ಮಾಡಲು ಆಗುತ್ತಿಲ್ಲ. ಸೆಕೆಂಡ್ ಶೂಟರ್ ಇಟ್ಟುಕೊಂಡು, ಎಡಿಟಿಂಗ್ ಹೊರಗೆ ಕೊಟ್ಟರೆ ನನ್ನ ಶೈಲಿ ಕೆಡುತ್ತಾ?

ಉತ್ತರ: ಹೇಳಿಕೊಡದೆ ಕೊಟ್ಟರೆ ಕೆಡುತ್ತದೆ. ಮೇಲೆ ಹೇಳಿದ ಆ 30 ಪ್ರಿಂಟ್ ಇಲ್ಲಿ ಮತ್ತೆ ಕೆಲಸಕ್ಕೆ ಬರುತ್ತವೆ. ಜೊತೆಗೆ ಬರುವವರನ್ನು ಅದರ ಮುಂದೆ ಕೂರಿಸಿ ಒಂದು ಸಂಜೆ ಮಾತಾಡಿ. ಇಬ್ಬರ ಕ್ಯಾಮೆರಾದ ಗಡಿಯಾರವೂ ಒಂದೇ ಸಮಯ ತೋರಿಸಲಿ, ಇಲ್ಲದಿದ್ದರೆ ಆಮೇಲೆ ಫೋಟೊ ಜೋಡಿಸುವುದೇ ದೊಡ್ಡ ತಲೆನೋವು.

ಎಡಿಟಿಂಗ್ ಕೊಡಬಹುದು, ಆಯ್ಕೆ ಕೊಡಬೇಡಿ. ಮೂರು ಸಾವಿರದಲ್ಲಿ ಯಾವ 600 ಅನ್ನುವುದು ನಿಮ್ಮ ಕಣ್ಣು ಮಾಡುವ ಕೆಲಸ. ಆರಿಸಿದ ಮೇಲೆ ಪ್ರತಿ ಜಾಗದ ಬೆಳಕಿಗೂ ನಾಲ್ಕೈದು ಫೋಟೊ ನೀವೇ ಎಡಿಟ್ ಮಾಡಿ, ಉಳಿದವು ಇದಕ್ಕೆ ಹೊಂದಲಿ ಅಂತ ಕಳಿಸಿ. ಬಂದ ಮೇಲೆ ಮುಖದ ಬಣ್ಣ ಒಂದನ್ನು ಮಾತ್ರ ಬಿಡದೆ ನೋಡಿ.

ಫೈಲ್ ಹೊರಗೆ ಹೋಗುವ ಮುಂಚೆ ಮೂರು ಪ್ರತಿ ಇರಬೇಕು. ಅವು ಎರಡು ಬೇರೆ ಥರದ ಸ್ಟೋರೇಜ್‌ನಲ್ಲಿ ಇರಲಿ, ಒಂದು ಬೇರೆ ಜಾಗದಲ್ಲಿ ಇರಲಿ. ಎರಡು ಕಾರ್ಡ್ ಹಾಕುವ ಕ್ಯಾಮೆರಾ ಇದ್ದರೆ ಎರಡಕ್ಕೂ ಒಟ್ಟಿಗೆ ಬರೆಯುವಂತೆ ಇಡಿ. ಆಲ್ಬಂ ಅವರ ಕೈ ಸೇರಿ, ಎಲ್ಲ ಸರಿ ಇದೆ ಅಂತ ಹೇಳುವವರೆಗೆ ಕಾರ್ಡ್ ಫಾರ್ಮ್ಯಾಟ್ ಮಾಡಬೇಡಿ.