ಮುಡಿ, ಕಳಸೆ ಮತ್ತು ಮೆಗಾವ್ಯಾಟ್

ಕಾಪುವಿನ ಓದುಗರೊಬ್ಬರ ಪತ್ರ: "ಪಡುಬಿದ್ರಿ ಹತ್ತಿರದ ಸ್ಥಾವರ 'ದಿನಕ್ಕೆ 1,200 ಮೆಗಾವ್ಯಾಟ್ ಕರೆಂಟು ತಯಾರಿಸುತ್ತದೆ' ಎಂದು ಕಳೆದ ಸಂಚಿಕೆಯಲ್ಲಿ ಹಾಕಿದ್ದೀರಿ. ಇದು ಸರಿಯೇ? ಬಿಲ್ಲಿಗೆ ಯೂನಿಟ್, ಪಂಪಿಗೆ ಎಚ್‌ಪಿ, ಎ.ಸಿ.ಗೆ ಟನ್, ಬಿಸ್ಕತ್ತಿಗೆ ಕ್ಯಾಲರಿ. ಇಷ್ಟೊಂದು ಲೆಕ್ಕ ಯಾಕೆ? ನನ್ನ ಒಂದು ಎಚ್‌ಪಿ ಪಂಪು ಗಂಟೆಗೆ ಎಷ್ಟು ಯೂನಿಟ್ ತಿನ್ನುತ್ತದೆ?"

ತಪ್ಪು ನಮ್ಮದೇ. 'ದಿನಕ್ಕೆ' ಎಂಬ ಪದ ಅಲ್ಲಿ ಬರಲೇಬಾರದಿತ್ತು. 'ಬಸ್ಸು ದಿನಕ್ಕೆ ಗಂಟೆಗೆ 60 ಕಿ.ಮೀ. ಓಡುತ್ತದೆ' ಅಂದ ಹಾಗಾಯಿತು ಅದು. (ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ಸುಗಳ ವೇಗದ ವಿಷಯ ಇಲ್ಲಿ ಬೇಡ.) ವ್ಯಾಟ್ ವೇಗದ ಲೆಕ್ಕ, ಯೂನಿಟ್ ಮೊತ್ತದ ಲೆಕ್ಕ. ಸಾವಿರ ವ್ಯಾಟ್ ಒಂದು ಗಂಟೆ ಉರಿದರೆ ಒಂದು ಯೂನಿಟ್. ಮೆಗಾವ್ಯಾಟ್ ಎಂದರೆ ಹತ್ತು ಲಕ್ಷ ವ್ಯಾಟ್. ಹಾಗಾಗಿ 1,200 ಮೆಗಾವ್ಯಾಟ್ ಸ್ಥಾವರ ಪೂರ್ತಿ ಶಕ್ತಿಯಲ್ಲಿ ಓಡಿದರೆ ಗಂಟೆಗೆ 12 ಲಕ್ಷ ಯೂನಿಟ್, ದಿನಕ್ಕೆ 2 ಕೋಟಿ 88 ಲಕ್ಷ. ಓದುಗರು ದಯವಿಟ್ಟು ತಿದ್ದಿಕೊಳ್ಳಿ.

ಇನ್ನು ಇಷ್ಟೊಂದು ಲೆಕ್ಕ ಯಾಕೆ? ನಮ್ಮ ಅಜ್ಜಂದಿರು ಅಕ್ಕಿಯನ್ನು 14 ಸೇರಿಗೊಂದು ಕಳಸೆ, 3 ಕಳಸೆಗೊಂದು ಮುಡಿ ಎಂದು ಅಳೆಯುತ್ತಿದ್ದರು. ಎಣ್ಣೆಗೆ ಕುಡ್ತೆ. ಯಾರ ಕೆಲಸಕ್ಕೆ ಯಾವುದು ಸುಲಭವೋ ಅದೇ ಅಳತೆ, ಅಲ್ವಾ? ಶಕ್ತಿಯ ಕತೆಯೂ ಹೀಗೇ. ಎಚ್‌ಪಿ ಎಂದರೆ ಹಾರ್ಸ್‌ಪವರ್, ಕುದುರೆಯ ಶಕ್ತಿ. ಉಗಿಯಂತ್ರ ಮಾರುವಾಗ ಜೇಮ್ಸ್ ವ್ಯಾಟ್ ಕುದುರೆಯ ಜೊತೆ ಹೋಲಿಸಿ ತೋರಿಸಿದ. ಗಿರಾಕಿಗಳಿಗೆ ಗೊತ್ತಿದ್ದದ್ದು ಕುದುರೆ ತಾನೇ! ಎ.ಸಿ.ಯ ಟನ್ ಬಂದದ್ದು ಐಸ್ ವ್ಯಾಪಾರದಿಂದ. ಒಂದು ಟನ್ ಐಸ್ 24 ಗಂಟೆಯಲ್ಲಿ ಕರಗುವಾಗ ಎಷ್ಟು ಶಾಖ ಹೀರುತ್ತದೋ ಅಷ್ಟನ್ನು ಒಂದು ಟನ್ನಿನ ಎ.ಸಿ. ಅಷ್ಟೇ ಹೊತ್ತಿನಲ್ಲಿ ಕೋಣೆಯಿಂದ ಹೊರಗೆ ಹಾಕುತ್ತದೆ. ಮಲ್ಪೆ ಬಂದರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಯಂತ್ರದ ಕೆಲಸ, ಶಾಖ, ಕರೆಂಟು ಎಲ್ಲವೂ ಒಂದೇ ಶಕ್ತಿಯ ಬೇರೆ ಬೇರೆ ಮುಖ ಎಂದು ತೋರಿಸಿದವರಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ಮುಖ್ಯ. ಬಿಯರ್ ತಯಾರಿಸುವ ಮನೆತನದವನು. 1840ರ ದಶಕದಲ್ಲಿ ತೂಕವೊಂದನ್ನು ಕೆಳಗೆ ಬಿಟ್ಟು, ಅದರಿಂದ ನೀರಿನೊಳಗೆ ರೆಕ್ಕೆ ತಿರುಗಿಸಿ, ನೀರು ಎಷ್ಟು ಬಿಸಿಯಾಯಿತೆಂದು ಅಳೆದ. ಜೂಲ್ ಎಂಬ ಅಳತೆ ಅವನ ಹೆಸರಿನದೇ. ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್. ಬಿಸ್ಕತ್ತಿನ ಲೆಕ್ಕದಲ್ಲಿ ಸುಮಾರು 860 ಕಿಲೋಕ್ಯಾಲರಿ. ದಿನಕ್ಕೆ 2,000 ಕಿಲೋಕ್ಯಾಲರಿ ಉಣ್ಣುವವನು ತಿನ್ನುವುದು ಎರಡೂಕಾಲು ಯೂನಿಟ್ಟು ಚಿಲ್ಲರೆ, ಅಷ್ಟೇ.

ನಿಮ್ಮ ಪಂಪಿನ ವಿಷಯ. ಒಂದು ಎಚ್‌ಪಿ ಎಂದರೆ 746 ವ್ಯಾಟ್, ಆದರೆ ಅದು ಮೋಟರು ಹೊರಗೆ ಕೊಡುವ ಶಕ್ತಿ. ಒಳಗೆ ಸುಮ್ನೆ ಬಿಸಿಯಾಗಿ ಹೋಗುವುದನ್ನೂ ಸೇರಿಸಿದರೆ ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್. ಮನೆಯ ಉಳಿದದ್ದೆಲ್ಲ ಆಫ್ ಮಾಡಿ ಒಂದು ಗಂಟೆ ಪಂಪು ಓಡಿಸಿ, ಮೀಟರ್ ನೋಡಿ. ತುಂಬ ಜಾಸ್ತಿ ತೋರಿಸಿದರೆ ಮೋಟರು ರಿಪೇರಿಯವರನ್ನು ಕರೆಯಿರಿ.