ಮಳೆಗಾಲದಲ್ಲಿ ಕಳ್ಳಿಯ ಬುಡ ಮೆತ್ತಗಾದರೆ

ಪ್ರಶ್ನೆ: ಬೇಸಿಗೆಯಲ್ಲಿ ನರ್ಸರಿಯಿಂದ ತಂದ ಉಂಡೆಯಾಕಾರದ ಪುಟ್ಟ ಮ್ಯಾಮಿಲೇರಿಯಾ ಕಳ್ಳಿಯನ್ನು ಮನೆಯೊಳಗೆ ಮೇಜಿನ ಮೇಲೆ ಇಟ್ಟಿದ್ದೇನೆ. ವಾರಕ್ಕೆರಡು ಸಲ ಎರಡೆರಡು ಚಮಚ ನೀರು ಹಾಕುತ್ತೇನೆ. ಮಳೆ ಹಿಡಿದ ಮೇಲೆ ಬುಡ ಕಂದಾಗಿದೆ, ತಲೆ ಸಪೂರವಾಗಿ ಮೇಲಕ್ಕೆ ಎಳೆದುಕೊಂಡಿದೆ. ಗಿಡ ಉಳಿಯುವುದೇ?
– ಓದುಗರೊಬ್ಬರು, ಉಡುಪಿ

ಉತ್ತರ: ಬುಡ ಕಂದಾದ ಮಾತ್ರಕ್ಕೆ ಕೊಳೆತಿದೆ ಎನ್ನಲಾಗದು, ವಯಸ್ಸಾದ ಕಳ್ಳಿಯ ಬುಡ ತಾನಾಗಿಯೇ ತೊಗಟೆಗಟ್ಟುತ್ತದೆ. ಮುಳ್ಳುಗಳ ನಡುವೆ ಪೆನ್ಸಿಲ್ಲಿನ ಹಿಂತುದಿಯಿಂದ ಮೆಲ್ಲನೆ ಒತ್ತಿ ನೋಡಿ. ಗಟ್ಟಿಯಾಗಿದ್ದರೆ ಚಿಂತೆಯಿಲ್ಲ. ಒತ್ತಿದಲ್ಲಿ ಕುಸಿದರೆ ಕೊಳೆ ಬೇರಿನಿಂದ ಮೇಲೇರುತ್ತಿದೆ ಎಂದು ತಿಳಿದು, ಅಂದೇ ಸ್ಪಿರಿಟ್‌ನಲ್ಲಿ ಒರೆಸಿದ ಬ್ಲೇಡಿನಿಂದ ಮೆತ್ತಗಾದ ಭಾಗಕ್ಕಿಂತ ಮೇಲೆ ಅಡ್ಡಲಾಗಿ ಕತ್ತರಿಸಿ. ಕೊಯ್ದ ಮುಖದ ನಡುವೆ ನಾಳಗಳ ಉಂಗುರವೊಂದು ಕಾಣುತ್ತದೆ. ಅದರಲ್ಲಿ ಒಂದೇ ಒಂದು ಕಂದು ಚುಕ್ಕೆ ಇದ್ದರೂ ಬ್ಲೇಡನ್ನು ಮತ್ತೆ ಒರೆಸಿ ಇನ್ನೊಂದು ಬಿಲ್ಲೆ ತೆಗೆಯಬೇಕು. ಇಡೀ ಮುಖ ಕಲೆಯಿಲ್ಲದೆ ತಿಳಿಯಾಗಿ ಕಂಡ ಮೇಲೆ, ಆ ತಲೆಯನ್ನು ಗಾಳಿಯಾಡುವ ನೆರಳಿನಲ್ಲಿ ಸುಮಾರು ಎರಡು ವಾರ, ನಿಮ್ಮ ಕಡೆಯ ಮಳೆಗಾಲದಲ್ಲಾದರೆ ಇನ್ನೂ ಕೆಲವು ದಿನ, ಗಾಯ ಒಣಗಿ ಗಟ್ಟಿಯಾಗುವವರೆಗೆ ಬಿಟ್ಟು, ಬಳಿಕ ಒಣ ಮರಳಿನ ಮೇಲೆ ಕೂರಿಸಿ. ಬೇರು ಮೂಡುವವರೆಗೆ ನೀರು ಹಾಕಬೇಡಿ.

ಈ ಕಳ್ಳಿಗಳಲ್ಲಿ ಹೆಚ್ಚಿನವುಗಳ ತವರು ಮೆಕ್ಸಿಕೊ. ಅಲ್ಲಿ ಕಲ್ಲುಚೂರುಗಳ ನಡುವೆ ಇಳಿದ ಬೇರು ಮಳೆಗೆ ಪೂರ್ತಿ ನೆನೆದು, ಬೇಗನೆ ಒಣಗಿಬಿಡುತ್ತದೆ. ನಮ್ಮಲ್ಲಿ ಹಗುರವೆಂದು ತುಂಬುವ ತೆಂಗಿನ ನಾರಿನ ಪುಡಿ ಮೇಲೆ ಒಣಗಿದಂತೆ ಕಂಡರೂ ಒಳಗೆ ದಿನಗಟ್ಟಲೆ ಒದ್ದೆಯಾಗಿರುತ್ತದೆ, ಬೇರಿಗೆ ಗಾಳಿ ಸಿಗುವುದಿಲ್ಲ. ಚಮಚದ ಲೆಕ್ಕದಲ್ಲಿ ಆಗಾಗ ನೀರು ಕೊಡುವುದು ದಯೆಯಂತೆ ಕಂಡರೂ ಗಿಡಕ್ಕೆ ಅದೇ ಶಿಕ್ಷೆ. ತಳದಲ್ಲಿ ತೂತಿರುವ ಚಿಕ್ಕ ಮಣ್ಣಿನ ಕುಂಡಕ್ಕೆ ಒಂದು ಪಾಲು ಕೆಂಪು ಮಣ್ಣು, ಎರಡು ಪಾಲು ದಪ್ಪ ಮರಳು ಮತ್ತು ಇಟ್ಟಿಗೆ ಚೂರು ಸೇರಿಸಿ ತುಂಬಿ. ಕೈಗೆ ಸುಲಭವಾಗಿ ಸಿಗುವ ಕಡಲತೀರದ ಮರಳು ಮಾತ್ರ ಬೇಡ, ಅದರಲ್ಲಿ ಉಪ್ಪಿರುತ್ತದೆ. ನೀರು ಹಾಕುವಾಗ ತೂತಿನಿಂದ ಹರಿಯುವಷ್ಟು ಹಾಕಿ, ಮಣ್ಣು ತಳದವರೆಗೆ ಒಣಗುವ ತನಕ ಕಾಯಿರಿ. ಬೇಸಿಗೆಯಲ್ಲಿ ಇದಕ್ಕೆ ಸುಮಾರು ಎಂಟು ಹತ್ತು ದಿನ ಹಿಡಿದೀತು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ತಿಂಗಳಿಗೊಮ್ಮೆಯೂ ಬೇಕಾಗದೆ ಹೋಗಬಹುದು.

ತಲೆ ಸಪೂರವಾದದ್ದು ಬಿಸಿಲಿನ ಕೊರತೆಯಿಂದ. ಸಪೂರವಾದ ಭಾಗ ಮತ್ತೆ ದಪ್ಪವಾಗದು, ಹೊಸ ಬೆಳವಣಿಗೆಯನ್ನಷ್ಟೇ ಸರಿಪಡಿಸಬಹುದು. ಮಳೆ ತಾಗದ, ದಿನಕ್ಕೆ ನಾಲ್ಕೈದು ಗಂಟೆ ಬಿಸಿಲು ಬೀಳುವ ಕಡೆಗೆ ಹಂತಹಂತವಾಗಿ ಸರಿಸಿ. ಒಮ್ಮೆಲೇ ಬಿಸಿಲಿಗಿಟ್ಟರೆ ಮೈ ಸುಟ್ಟು ಬಿಳಿಚುತ್ತದೆ. ಚಳಿಗಾಲದಲ್ಲಿಯೂ ಒಣಗಿಸಿಟ್ಟರೆ ನೆತ್ತಿಯ ಸುತ್ತ ಬಳೆಯಂತೆ ಹೂ ಬಿಡುವ ಸಾಧ್ಯತೆ ಹೆಚ್ಚು.

ಪ್ರಶ್ನೆ: ಹಸಿರು ಕಾಂಡದ ಮೇಲೆ ಕೆಂಪು ಉಂಡೆಯಿರುವ ಕಳ್ಳಿಯನ್ನೂ ಹೀಗೆಯೇ ಬೆಳೆಸಬೇಕೇ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಇಲ್ಲ. ಅದು ಕಸಿ ಕಟ್ಟಿದ ಎರಡು ಗಿಡ. ಮೇಲಿನ ಕೆಂಪು ಉಂಡೆಯಲ್ಲಿ ಪತ್ರಹರಿತ್ತು ಇಲ್ಲದ ಕಾರಣ, ಅದು ಸಾಮಾನ್ಯವಾಗಿ ಡ್ರಾಗನ್ ಫ್ರೂಟ್ ಬಳಗಕ್ಕೆ ಸೇರಿದ ಕೆಳಗಿನ ಕಾಂಡದ ಆಹಾರದಿಂದಲೇ ಬದುಕುತ್ತದೆ. ಆ ಕಾಂಡ ಮರುಭೂಮಿಯದಲ್ಲ. ಅದಕ್ಕೆ ಎಳೆಬಿಸಿಲು ಸಾಕು, ನೀರು ತುಸು ಹೆಚ್ಚು ಬೇಕು. ಉಂಡೆ ಕೆಲವು ವರ್ಷಗಳಲ್ಲಿ ಬಾಡಿದರೆ ಕುಂಡವನ್ನು ಎಸೆಯಬೇಡಿ. ಕಾಂಡ ಗಟ್ಟಿಯಾಗಿದ್ದರೆ ಮತ್ತೆ ಚಿಗುರಿ ಬಳ್ಳಿಯಾಗುತ್ತದೆ. ಆಗ ದೊಡ್ಡ ಕುಂಡವೂ ಹಬ್ಬಲು ಒಂದು ಗೂಟವೂ ಬೇಕಾಗುತ್ತವೆ.